ಚಹಾದ ಸಕ್ಕರೆ ಬಿಟ್ಟರೆ ಸಾಕೆ?

ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರ ಕೊಠಡಿಗೆ ಈಗ ಎರಡು ಫ್ಲಾಸ್ಕು ಚಹಾ ಬರುತ್ತದೆ. ಒಂದು ಸಕ್ಕರೆ ಹಾಕಿದ್ದು, ಇನ್ನೊಂದು ಹಾಕದ್ದು. ನಲುವತ್ತು ದಾಟಿದ ನಮ್ಮಂಥವರಲ್ಲಿ ಎರಡನೆಯ ಫ್ಲಾಸ್ಕಿಗೆ ಕೈ ಚಾಚುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. "ಶುಗರ್ ಉಂಟು ಮಾರಾಯ್ರೆ, ಸಿಹಿ ಮುಟ್ಟುವ ಹಾಗಿಲ್ಲ" ಎನ್ನುತ್ತಾರೆ. ಸರಿ, ಒಳ್ಳೆಯದೇ. ಆದರೆ ಆ ಸಕ್ಕರೆಯಿಲ್ಲದ ಚಹಾದ ಪಕ್ಕದಲ್ಲಿ ತಟ್ಟೆ ತುಂಬ ಗೋಳಿಬಜೆ ಇರುತ್ತದೆ, ಎರಡು ಬನ್ಸ್ ಇರುತ್ತದೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ, ಏಕೆಂದರೆ ಗೋಳಿಬಜೆ ಸಿಹಿಯಲ್ಲವಲ್ಲ!

ಈ ಬಾರಿ ನಮ್ಮ ತಕರಾರು ಇರುವುದು ಈ ಲೆಕ್ಕಾಚಾರದ ಮೇಲೆ. ಮಧುಮೇಹ ಎಂಬುದು ಬರೀ ಸಕ್ಕರೆಯ ಕಾಯಿಲೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಕನ್ನಡದಲ್ಲಿ ಅದಕ್ಕಿರುವ ಹೆಸರುಗಳೂ ಹಾಗೆಯೇ ಇವೆ: ಸಕ್ಕರೆ ಕಾಯಿಲೆ, ಸಿಹಿಮೂತ್ರ ರೋಗ. ಆದರೆ ಇನ್ಸುಲಿನ್ ಎಂಬ ಹಾರ್ಮೋನು ಸಕ್ಕರೆಯ ಒಂದೇ ಖಾತೆ ನೋಡಿಕೊಳ್ಳುವ ಗುಮಾಸ್ತನಲ್ಲ. ಉಂಡ ಅನ್ನದ ಲೆಕ್ಕದಷ್ಟೇ ಉಂಡ ಎಣ್ಣೆ, ತುಪ್ಪ, ತೆಂಗಿನಕಾಯಿಯ ಲೆಕ್ಕವೂ ಅದರ ಕೈಯಲ್ಲಿದೆ. ಅದು ಕಮ್ಮಿಯಾದಾಗ, ಅಥವಾ ಇದ್ದರೂ ಅದರ ಮಾತನ್ನು ದೇಹ ಕೇಳದಾದಾಗ, ಊಟದ ಬಳಿಕ ರಕ್ತದಲ್ಲಿ ಕೊಬ್ಬು ಹೆಚ್ಚು ಏರುತ್ತದೆ, ತಡವಾಗಿ ಇಳಿಯುತ್ತದೆ. ಮಧುಮೇಹಿಗಳ ಹೃದಯಕ್ಕೆ ತೊಂದರೆ ಬರುವುದರಲ್ಲಿ ಇದಕ್ಕೂ ಪಾಲಿದೆ.

ನಾವು ವೈದ್ಯರಲ್ಲ. ಟಿಸಿಎಚ್ ಮತ್ತು ಬಿಎ ಮಾಡಿ ಸರಕಾರಿ ಶಾಲೆಯಲ್ಲಿ ಪಾಠ ಹೇಳುವವರು. ಆದ್ದರಿಂದ ಇಲ್ಲಿ ಬರೆದದ್ದನ್ನು ಓದಿ ಯಾರೂ ಮಾತ್ರೆ ಬದಲಿಸಬೇಡಿ. ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ ಯಾರ ಚೀಟಿಯೂ ಬೇಡ.

ಮೊದಲು ಒಂದು ಸಣ್ಣ ಗಣಿತ. ವಯಸ್ಕರ ರಕ್ತದಲ್ಲಿ ಕಣಗಳನ್ನು ಬಿಟ್ಟು ಉಳಿದ ದ್ರವಭಾಗ ಸುಮಾರು 3 ಲೀಟರು. ಅಂದರೆ 30 ಡೆಸಿಲೀಟರು. ಲ್ಯಾಬಿನ ಚೀಟಿಯಲ್ಲಿ ಟ್ರೈಗ್ಲಿಸರೈಡ್ 100 ಎಂದಿದ್ದರೆ ಒಂದು ಡೆಸಿಲೀಟರಿಗೆ 100 ಮಿಲಿಗ್ರಾಂ ಕೊಬ್ಬು ಎಂದರ್ಥ. ಗುಣಿಸಿ ನೋಡಿ, ಇಡೀ ದೇಹದ ರಕ್ತದಲ್ಲಿ ಇರುವ ಈ ಕೊಬ್ಬು ಸುಮಾರು 3 ಗ್ರಾಂ ಮಾತ್ರ! ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 14 ಗ್ರಾಂ ಕೊಬ್ಬು ಇರುತ್ತದೆ. ಮದುವೆ ಮನೆಯಲ್ಲಿ ಪಾಯಸ, ಹೋಳಿಗೆಗೆ ತುಪ್ಪ, ಹಪ್ಪಳ, ಕಾಯಿ ಅರೆದ ಸಾಂಬಾರು ಎಲ್ಲ ಸೇರಿ 40 ಗ್ರಾಂ ಕೊಬ್ಬು ಹೊಟ್ಟೆಗೆ ಹೋಗುವುದು ದೊಡ್ಡ ಮಾತಲ್ಲ. ರಕ್ತದಲ್ಲಿ ಇದ್ದದ್ದರ ಹತ್ತು ಪಟ್ಟಿಗೂ ಹೆಚ್ಚು ಕೊಬ್ಬು ಕೆಲವೇ ಗಂಟೆಗಳಲ್ಲಿ ಅದೇ ರಕ್ತದ ಮೂಲಕ ದಾಟಿ ಹೋಗಬೇಕು. ದಾಟಿಸುವ ವ್ಯವಸ್ಥೆ ಚೆನ್ನಾಗಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ.

ಆ ವ್ಯವಸ್ಥೆ ಹೀಗಿದೆ. ಸಣ್ಣ ಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ಗ್ರಂಥಿಯ ಕಿಣ್ವವೂ ಸೇರಿ ಕೊಬ್ಬನ್ನು ಒಡೆಯುತ್ತವೆ. ಕರುಳಿನ ಗೋಡೆಯ ಜೀವಕೋಶಗಳು ಅದನ್ನು ಒಳಗೆ ಎಳೆದುಕೊಂಡು ಮತ್ತೆ ಜೋಡಿಸುತ್ತವೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಲ್ಲ, ಅದಕ್ಕಾಗಿ ಪ್ರೋಟೀನಿನ ಹೊದಿಕೆ ಹಾಕಿ ಪೊಟ್ಟಣ ಕಟ್ಟುತ್ತವೆ. ಈ ಪೊಟ್ಟಣದ ಹೆಸರು ಕೈಲೋಮೈಕ್ರಾನ್. ಸಕ್ಕರೆಯಂತೆ ಇವು ನೇರವಾಗಿ ಯಕೃತ್ತಿಗೆ ಹೋಗುವುದಿಲ್ಲ. ದುಗ್ಧರಸದ ನಾಳಗಳಲ್ಲಿ ಸುತ್ತಿ ಬಳಸಿ ಎದೆಯವರೆಗೆ ಏರಿ, ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತವೆ.

ಇಲ್ಲಿ ಭಾಷೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ದುಗ್ಧ ಎಂದರೆ ಹಾಲು. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯ, ಚೆನ್ನಾಗಿ ತಿಂದಿದ್ದ ನಾಯಿಯೊಂದರ ಹೊಟ್ಟೆ ಕೊಯ್ದು ನೋಡಿದಾಗ ಕರುಳಿನ ಸುತ್ತ ಬೆಳ್ಳಗಿನ ಎಳೆಗಳು ಕಂಡವು. ಅವುಗಳಲ್ಲಿ ಹಾಲಿನಂಥ ದ್ರವ. ಕರುಳಿನಿಂದ ಹೊರಟ ಕೊಬ್ಬೇ ಅದು. ಊಟವಾದ ಮೇಲೆ ಮಾತ್ರ ಕಾಣುವ ಹಾಲು! ಪಾಠ ಮಾಡುವಾಗ ದುಗ್ಧರಸ ಎಂಬುದು ಬಾಯಿಪಾಠದ ಕಷ್ಟದ ಶಬ್ದವಾಗಿ ಉಳಿದುಬಿಡುತ್ತದೆ. ಪಯಸ್ವಿನಿ ಹೊಳೆಯ ಬದಿಯಲ್ಲಿ ಬೆಳೆಯುವ ಮಕ್ಕಳಿಗೆ, ಪಯಸ್ಸು ಎಂದರೂ ಹಾಲೇ, ದುಗ್ಧ ಎಂದರೂ ಹಾಲೇ ಎಂದು ಹೇಳಿಕೊಟ್ಟರೆ ಅರ್ಧ ಪಾಠ ಮುಗಿದಂತೆ.

ಮುಂದಿನದಕ್ಕೆ ನಮ್ಮ ಕೇರಳದ್ದೇ ಉದಾಹರಣೆ ಕೊಡುತ್ತೇವೆ. ಕೈಲೋಮೈಕ್ರಾನ್ ಎಂಬುದು ತೆಂಗಿನಕಾಯಿ ಹೇರಿದ ಲಾರಿ ಎಂದುಕೊಳ್ಳಿ. ಲಾರಿ ಪೇಟೆಗೆ ಬಂದರೆ ಸಾಲದು, ಇಳಿಸಲು ಲೋಡಿಂಗ್ ಕಾರ್ಮಿಕರು ಬೇಕು. (ಅವರನ್ನು ಬಿಟ್ಟು ಇಲ್ಲಿ ಯಾರಾದರೂ ಲಾರಿಯಿಂದ ಒಂದು ಕಾಯಿ ಇಳಿಸಿಯಾರೆ?) ರಕ್ತದ ಲೋಮನಾಳಗಳ ಗೋಡೆಗೆ ಅಂಟಿಕೊಂಡಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವೇ ಆ ಕಾರ್ಮಿಕರ ತಂಡ. ಒಂದು ತಂಡ ಕೊಬ್ಬಿನ ಅಂಗಾಂಶದ ಬಾಗಿಲಲ್ಲಿ, ಇನ್ನೊಂದು ಸ್ನಾಯುಗಳ ಬಾಗಿಲಲ್ಲಿ ನಿಂತಿರುತ್ತದೆ. ಊಟವಾದ ಕೂಡಲೆ ಸೀಟಿ ಊದಿ ಮೊದಲನೆಯ ತಂಡವನ್ನು ಕೆಲಸಕ್ಕೆ ಕರೆಯುವ ಮೇಸ್ತ್ರಿ ಇನ್ಸುಲಿನ್. ಮೇಸ್ತ್ರಿಗೆ ಇನ್ನೂ ಎರಡು ಕೆಲಸ ಉಂಟು. ಕೊಬ್ಬಿನ ಕೋಶಗಳಿಗೆ, "ಈಗ ಹೊರಗಿನಿಂದ ಮಾಲು ಬರುತ್ತಿದೆ, ನಿಮ್ಮ ದಾಸ್ತಾನು ಹೊರಗೆ ಬಿಡಬೇಡಿ" ಎನ್ನುವುದು. ಯಕೃತ್ತಿಗೆ, "ನಿನ್ನ ಲಾರಿಗಳನ್ನು ಸ್ವಲ್ಪ ಹೊತ್ತು ಶೆಡ್ಡಿನಲ್ಲೇ ನಿಲ್ಲಿಸು" ಎನ್ನುವುದು. ಯಕೃತ್ತು ಕೂಡ ತನ್ನದೇ ಕೊಬ್ಬಿನ ಪೊಟ್ಟಣಗಳನ್ನು ಕಟ್ಟಿ ರಕ್ತಕ್ಕೆ ಬಿಡುತ್ತಿರುತ್ತದೆ, ವಿಎಲ್‌ಡಿಎಲ್ ಎನ್ನುತ್ತಾರಲ್ಲ, ಅದು.

ಎರಡನೆಯ ವಿಧದ ಮಧುಮೇಹದಲ್ಲಿ ಮೇಸ್ತ್ರಿಯ ಮೂರು ಮಾತುಗಳೂ ನಡೆಯುವುದಿಲ್ಲ. ಇಳಿಸುವ ಕಾರ್ಮಿಕರು ಸಾಕಷ್ಟು ಬರುವುದಿಲ್ಲ. ಕೊಬ್ಬಿನ ಕೋಶಗಳು ದಾಸ್ತಾನು ಹೊರಗೆ ಚೆಲ್ಲುತ್ತವೆ, ಅದು ಯಕೃತ್ತಿಗೆ ಹೋಗಿ ಅಲ್ಲಿ ಇನ್ನಷ್ಟು ಲಾರಿಗಳು ತುಂಬುತ್ತವೆ. ಯಕೃತ್ತು ಲಾರಿ ಬಿಡುವುದನ್ನು ನಿಲ್ಲಿಸುವುದೇ ಇಲ್ಲ. ಕರುಳು ಕೂಡ ಬೇಕಾದ್ದಕ್ಕಿಂತ ಹೆಚ್ಚು ಪೊಟ್ಟಣ ಕಟ್ಟುತ್ತದೆ. ಕರುಳಿನ ಲಾರಿ, ಯಕೃತ್ತಿನ ಲಾರಿ ಎರಡಕ್ಕೂ ಕಾರ್ಮಿಕರು ಅವರೇ. ರಸ್ತೆಯಲ್ಲಿ ಸಾಲು ನಿಲ್ಲದೆ ಇನ್ನೇನಾದೀತು? ಮಧ್ಯಾಹ್ನದ ಊಟದ ಕೊಬ್ಬು ಆರೋಗ್ಯವಂತರ ರಕ್ತದಲ್ಲಿ ಮೂರು ನಾಲ್ಕು ಗಂಟೆಗೆ ಗರಿಷ್ಠ ಮಟ್ಟ ಮುಟ್ಟಿ ಆರರಿಂದ ಎಂಟು ಗಂಟೆಯೊಳಗೆ ಇಳಿದಿರುತ್ತದೆ. ಮಧುಮೇಹಿಯಲ್ಲಿ ಅದು ಹೆಚ್ಚು ಎತ್ತರಕ್ಕೆ ಹೋಗಿ, ಎಂಟು ಗಂಟೆಯ ಬಳಿಕವೂ ಇಳಿಯದೆ ಉಳಿಯಬಹುದು.

ಅರ್ಧ ಇಳಿಸಿದ ಲಾರಿಗಳಿಂದಲೇ ಹೆಚ್ಚಿನ ಉಪದ್ರವ. ಇಡೀ ಕೈಲೋಮೈಕ್ರಾನ್ ದೊಡ್ಡದು, ಅಪಧಮನಿಯ ಗೋಡೆಯೊಳಗೆ ನುಗ್ಗಲಾರದು. ಕೊಬ್ಬು ಭಾಗಶಃ ಖಾಲಿಯಾಗಿ ಕುಗ್ಗಿದ ಶೇಷಕಣ ಮಾತ್ರ ನುಗ್ಗಬಲ್ಲದು. ಅದರಲ್ಲಿ ಕೊಲೆಸ್ಟರಾಲು ಹಾಗೇ ಉಳಿದಿರುತ್ತದೆ. ಆರೋಗ್ಯವಂತರಲ್ಲಿ ಯಕೃತ್ತು ಅದನ್ನು ಬೇಗ ಹೆಕ್ಕಿಕೊಳ್ಳುತ್ತದೆ. ಮಧುಮೇಹದಲ್ಲಿ ಅದು ರಕ್ತದಲ್ಲಿ ಹೆಚ್ಚು ಹೊತ್ತು ಅಲೆಯುತ್ತದೆ, ಗೋಡೆಯೊಳಗೆ ಸೇರುತ್ತದೆ. ಇದರ ಜತೆಗೆ ಒಳ್ಳೆಯ ಕೊಲೆಸ್ಟರಾಲು ಎನ್ನುವ ಎಚ್‌ಡಿಎಲ್ ಕುಗ್ಗುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ ಸಾಂದ್ರವಾಗುತ್ತವೆ. ಅಪಧಮನಿ ಗಟ್ಟಿಯಾಗುವುದು ಊಟದ ನಂತರದ ಹೊತ್ತಿನಲ್ಲಿ ನಡೆಯುವ ವಿದ್ಯಮಾನ ಎಂಬ ವಿಚಾರವನ್ನು ಅಮೆರಿಕದ ಡೊನಾಲ್ಡ್ ಜಿಲ್ವರ್‌ಸ್ಮಿಟ್ ಎಂಬ ವಿಜ್ಞಾನಿ 1979ರಲ್ಲೇ ಮುಂದಿಟ್ಟಿದ್ದರು. 2007ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಿಂದಲೂ ಅಮೆರಿಕದಿಂದಲೂ ಬಂದ ಎರಡು ದೊಡ್ಡ ಅಧ್ಯಯನಗಳು, ಉಂಡ ಬಳಿಕದ ಟ್ರೈಗ್ಲಿಸರೈಡ್ ಹೆಚ್ಚಿದ್ದವರಲ್ಲಿ ಹೃದಯದ ತೊಂದರೆಯೂ ಹೆಚ್ಚು ಎಂದು ತೋರಿಸಿದವು.

ಈಗ ನಮ್ಮ ಪರೀಕ್ಷೆಯ ಪದ್ಧತಿಯನ್ನು ನೋಡಿ. ಬೆಳಿಗ್ಗೆ ಎಂಟಕ್ಕೆ ತಿಂಡಿ, ಒಂದು ಗಂಟೆಗೆ ಊಟ, ನಾಲ್ಕೂವರೆಗೆ ಚಹಾ ಮತ್ತು ಕರಿದದ್ದು, ರಾತ್ರಿ ಒಂಬತ್ತಕ್ಕೆ ಮತ್ತೆ ಊಟ. ತಿಂಡಿಯ ಕೊಬ್ಬು ಪೂರ್ತಿ ಇಳಿಯುವ ಮೊದಲು ಮಧ್ಯಾಹ್ನದ್ದು ಬಂತು. ಮಧ್ಯಾಹ್ನದ್ದು ಏರುತ್ತಿರುವಾಗಲೇ ಗೋಳಿಬಜೆ ಬಂತು. ರಾತ್ರಿಯ ಊಟದ್ದು ಇಳಿಯುವಾಗ ಬೆಳಗಿನ ಜಾವ ಐದು. ಹಾಗಾದರೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ರಕ್ತ ನಿಜಕ್ಕೂ ಖಾಲಿ ಹೊಟ್ಟೆಯ ಸ್ಥಿತಿಯಲ್ಲಿ ಇರುವುದು ಹೆಚ್ಚೆಂದರೆ ಮೂರು ಗಂಟೆ. ನಾವು ಲ್ಯಾಬಿಗೆ ಹೋಗಿ ತೋರು ಬೆರಳಿನಿಂದ ಮೊಣಕೈವರೆಗೆ ಚುಚ್ಚಿಸಿಕೊಳ್ಳುವುದು ಸರಿಯಾಗಿ ಆ ಮೂರು ಗಂಟೆಯಲ್ಲಿ! ಶಾಲೆಗೆ ಇನ್ಸ್‌ಪೆಕ್ಷನ್ ಬರುವ ದಿನ ಮಕ್ಕಳೆಲ್ಲ ಸಮವಸ್ತ್ರ ಹಾಕಿ ಸಾಲಾಗಿ ಕೂತಿರುವುದಿಲ್ಲವೆ, ಹಾಗೆ. ಬೆಳಗ್ಗಿನ ಅಂಕಿ ಸರಿಯಿದ್ದ ಮಧುಮೇಹಿಯಲ್ಲೂ ಊಟದ ಬಳಿಕದ ಕೊಬ್ಬು ಮಿತಿ ಮೀರಿರಬಹುದು.

ಊಟದ ಬಳಿಕ ಎರಡು ಗಂಟೆಗೆ ಮಾಡುವ ಪರೀಕ್ಷೆ ಇದೆಯಲ್ಲ ಎಂದು ಕೇಳಬಹುದು. ಅದು ಸಕ್ಕರೆಗೆ. ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ, ಕೊಬ್ಬು ನಿಧಾನ. ಎರಡು ಗಂಟೆಗೆ ಸಕ್ಕರೆಯ ಬಸ್ಸು ಹೋಗಿಯಾಗಿರುತ್ತದೆ, ಕೊಬ್ಬಿನ ಲಾರಿ ಇನ್ನೂ ಘಾಟಿ ಏರುತ್ತಿರುತ್ತದೆ.

2016ರಲ್ಲಿ ಯುರೋಪಿನ ತಜ್ಞರ ಸಂಸ್ಥೆಗಳು ಸೇರಿ, ಕೊಲೆಸ್ಟರಾಲ್ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸ ಬೇಕಾಗಿಲ್ಲ ಎಂದು ಹೇಳಿದವು. ಮಾಮೂಲಿ ಊಟದಿಂದ ಟ್ರೈಗ್ಲಿಸರೈಡ್ ಸರಾಸರಿ 26 ಮಿಲಿಗ್ರಾಂನಷ್ಟೇ ಏರುತ್ತದೆ. ಉಂಡು ಬಂದರೆ 175, ಉಪವಾಸದಲ್ಲಿ 150 ದಾಟಿದರೆ ಹೆಚ್ಚು ಎಂದು ತಿಳಿಯಿರಿ. ಉಂಡಾಗಿನ ಅಂಕಿ 440 ದಾಟಿದ್ದರೆ ಮಾತ್ರ ಉಪವಾಸದಲ್ಲಿ ಮತ್ತೊಮ್ಮೆ ನೋಡುವುದನ್ನು ಯೋಚಿಸಿ ಎಂಬುದು ಅವರ ಲೆಕ್ಕ. ಅವರು ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಶುಗರಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೊಟ್ಟೆ ಖಾಲಿ ಬಿಟ್ಟು ಕಾದರೆ ಸಕ್ಕರೆ ತೀರ ಇಳಿದು ತಲೆ ಸುತ್ತಿ ಬೀಳಬಹುದು. ಒಳನಾಡಿನ ಗುಡ್ಡದ ಮನೆಯಿಂದ ನಡೆದು, ಮೊದಲ ಬಸ್ಸು ಹಿಡಿದು, ಪೇಟೆಯ ಲ್ಯಾಬಿನ ಎದುರು ಒಂಬತ್ತೂವರೆಯವರೆಗೆ ನೀರೂ ಕುಡಿಯದೆ ಕೂತ ಅಜ್ಜಂದಿರನ್ನು ನೀವೂ ನೋಡಿರುತ್ತೀರಿ. (ನೀರು ಕುಡಿಯಬಹುದು ಎಂದೂ ಅವರಿಗೆ ಯಾರೂ ಹೇಳಿರುವುದಿಲ್ಲ.) ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೂ ಉಪವಾಸ ಬೇಡ. ಉಪವಾಸದ ಸಕ್ಕರೆ ನೋಡಬೇಕಾದರೆ ಮಾತ್ರ ಬೇಕು. "ನನಗೆ ಉಪವಾಸ ಬೇಕೇ ಬೇಕೆ?" ಎಂದು ವೈದ್ಯರನ್ನು ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಉಂಡು ಹೋದರೆ ಎಷ್ಟು ಗಂಟೆಗೆ ಏನು ಉಂಡದ್ದು ಎಂದು ಚೀಟಿಯ ಹಿಂದೆ ಬರೆದಿಡಿ.

ಇದು ದೂರದ ಯಾರದೋ ಸಮಸ್ಯೆ ಎಂದುಕೊಳ್ಳುವ ಹಾಗಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಕೇರಳದ ವಯಸ್ಕರಲ್ಲಿ ಶೇಕಡ 25.5 ಮಂದಿಗೆ ಮಧುಮೇಹ. ಅಂದರೆ ನಾಲ್ವರಲ್ಲಿ ಒಬ್ಬರು. ರಕ್ತದಲ್ಲಿ ಕೊಲೆಸ್ಟರಾಲು ಹೆಚ್ಚಿರುವವರ ಪ್ರಮಾಣದಲ್ಲಿ ಇಡೀ ದೇಶಕ್ಕೇ ಕೇರಳ ಮೊದಲು, ಶೇಕಡ 50.3. ಸಾಕ್ಷರತೆಯಲ್ಲಿ ಮೊದಲು ಎಂದು ಹೇಳಿಕೊಳ್ಳುವಾಗ ಈ ಮೊದಲನ್ನೂ ಸೇರಿಸಿಕೊಳ್ಳಬೇಕಾಗುತ್ತದೆ. ಕಾಸರಗೋಡಿನವರಿಗೆ ಇನ್ನೊಂದು ಸಂಕಟ ಇದೆ. ಎದೆ ನೋವು ಎಂದರೆ ನಮ್ಮವರು ಓಡುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೋನ ಕಾಲಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ಕಡೆಗೆ ದಾಟಲಾಗದೆ ಜೀವ ಹೋದವರ ಸುದ್ದಿಗಳನ್ನು ಓದಿದವರು ನಾವು. ಗಡಿಯ ಆ ಕಡೆಯ ಆಸ್ಪತ್ರೆಯನ್ನೇ ನೆಚ್ಚಿಕೊಂಡು ಬದುಕುವವರು, ಆಸ್ಪತ್ರೆಗೆ ಹೋಗಬೇಕಾದ ದಿನವನ್ನು ಆದಷ್ಟು ಮುಂದೂಡುವ ದಾರಿ ಹುಡುಕಬೇಕಲ್ಲವೆ?

"ನಮ್ಮ ಅಜ್ಜ ತೆಂಗಿನೆಣ್ಣೆಯಲ್ಲೇ ಮಿಂದು ತೆಂಗಿನೆಣ್ಣೆಯನ್ನೇ ಉಂಡು ತೊಂಬತ್ತು ವರ್ಷ ಬದುಕಿದರು" ಎಂಬ ಉತ್ತರ ಬರುತ್ತದೆಂದು ನಮಗೆ ಗೊತ್ತು. ಆ ಅಜ್ಜ ಬೆಳಿಗ್ಗೆ ತೋಟಕ್ಕೆ ಇಳಿದು ಕತ್ತಲಾಗುವವರೆಗೆ ಏತ, ಹಾರೆ, ಅಡಿಕೆ ಗೋಣಿ ಎಂದು ದುಡಿದವರು. ನಾವು ದ್ವಿಚಕ್ರ ವಾಹನದಲ್ಲಿ ಶಾಲೆಯ ಮೆಟ್ಟಿಲವರೆಗೆ ಹೋಗುವವರು. ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲು ಇಲ್ಲ, ನಿಜ. ಆದರೆ ಅದರ ಸುಮಾರು ಶೇಕಡ 90 ಭಾಗ ಸಂತೃಪ್ತ ಕೊಬ್ಬು. ಇತರ ಸಸ್ಯ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ ಹಾಕಿದರೆ ಯಾರ ತಕರಾರೂ ಇಲ್ಲ. ದಿನವೂ ಬಾಣಲೆ ತುಂಬ ಕರಿಯುವುದಕ್ಕೆ ಅಜ್ಜನ ಹೆಸರು ಹೇಳುವುದು ಸರಿಯಲ್ಲ.

ಅಜ್ಜನ ದುಡಿತಕ್ಕೂ ರಕ್ತದ ಕೊಬ್ಬಿಗೂ ಸಂಬಂಧ ಹೇಗೆ ಎಂದರೆ, ಸ್ನಾಯುಗಳ ಬಾಗಿಲಲ್ಲಿ ನಿಂತ ಎರಡನೆಯ ತಂಡದ ಮಾತು ಹೇಳಿದೆವಲ್ಲ, ಆ ತಂಡಕ್ಕೆ ಇನ್ಸುಲಿನ್ ಮೇಸ್ತ್ರಿಯ ಸೀಟಿಯೇ ಬೇಕೆಂದಿಲ್ಲ. ಮೈ ದುಡಿದರೆ ಅವರು ತಾವಾಗಿ ಕೆಲಸಕ್ಕೆ ಬರುತ್ತಾರೆ. ಒಂದು ದಿನ ಚುರುಕಾಗಿ ನಡೆದದ್ದರ ಪ್ರಯೋಜನ ಮರುದಿನದ ಊಟದ ಕೊಬ್ಬಿನ ಮೇಲೂ ಕಾಣುತ್ತದೆ, ಆಮೇಲೆ ಕರಗುತ್ತದೆ. ಆದ್ದರಿಂದ ಭಾನುವಾರ ಎರಡು ಗಂಟೆ ನಡೆದು ಉಳಿದ ಆರು ದಿನ ಕುರ್ಚಿ ಬಿಡದವರಿಗಿಂತ, ದಿನವೂ ಅರ್ಧ ಗಂಟೆ ನಡೆಯುವವರಿಗೆ ಲಾಭ ಹೆಚ್ಚು. ಇನ್ನು ಕುಚ್ಚಿಲಕ್ಕಿ ಅನ್ನದ ಗುಡ್ಡೆ, ಬೆಲ್ಲದ ಪಾಯಸ ಇವು ಎಣ್ಣೆಯಲ್ಲವಾದರೂ ಯಕೃತ್ತು ಹೆಚ್ಚಾದ ಪಿಷ್ಟ ಮತ್ತು ಸಕ್ಕರೆಯನ್ನು ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯವೂ ಕರಿದ ಮಾಂಸವೂ ಒಟ್ಟಿಗೆ ಹೋದರೆ ಏರಿಕೆ ಇನ್ನೂ ಜೋರು. ಟ್ರೈಗ್ಲಿಸರೈಡ್ ಸಾವಿರ ದಾಟಿದರೆ ಮೇದೋಜೀರಕ ಗ್ರಂಥಿಯೇ ಊದಿಕೊಂಡು ಪ್ರಾಣಕ್ಕೆ ಸಂಚಕಾರ ಬರಬಹುದು.

ಹಾಗೆಂದು ಟ್ರೈಗ್ಲಿಸರೈಡ್ ಇಳಿಸುವ ಮಾತ್ರೆ ನುಂಗಿದರೆ ಎಲ್ಲ ಮುಗಿಯಿತೆ? ಇಲ್ಲ. ಎರಡನೆಯ ವಿಧದ ಮಧುಮೇಹವಿದ್ದ 10 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಪೆಮಾಫೈಬ್ರೇಟ್ ಎಂಬ ಔಷಧ ಟ್ರೈಗ್ಲಿಸರೈಡನ್ನು ಶೇಕಡ 26ರಷ್ಟು ಇಳಿಸಿತು, ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಲಾರಿಯ ಮಾಲು ಕಡಿಮೆ ಮಾಡಿದರಾಗದು, ರಸ್ತೆಯಲ್ಲಿರುವ ಲಾರಿಗಳ ಸಂಖ್ಯೆಯೇ ಇಳಿಯಬೇಕು ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಹೃದಯವನ್ನು ಕಾಯುತ್ತದೆ ಎಂದು ಚೆನ್ನಾಗಿ ಸಾಬೀತಾಗಿರುವುದು ಸ್ಟ್ಯಾಟಿನ್ ಗುಂಪಿನ ಮಾತ್ರೆ. ನಲುವತ್ತು ದಾಟಿದ ಹೆಚ್ಚಿನ ಮಧುಮೇಹಿಗಳಿಗೆ ವೈದ್ಯರು ಅದನ್ನು ಬರೆಯುವುದು ಅದಕ್ಕೇ. "ನನಗಿರುವುದು ಶುಗರ್, ಕೊಲೆಸ್ಟರಾಲಿನ ಮಾತ್ರೆ ಯಾಕೆ?" ಎಂದು ಎರಡು ತಿಂಗಳಲ್ಲಿ ಅದನ್ನು ನಿಲ್ಲಿಸಿದವರು ನಮ್ಮ ಪರಿಚಯದಲ್ಲೇ ಹಲವರಿದ್ದಾರೆ. ವಿದ್ಯಾವಂತರೇ. ಅವರಿಗೆ ಯಾರೂ ಅವರ ಭಾಷೆಯಲ್ಲಿ ಕಾರಣ ಹೇಳಲಿಲ್ಲ, ಅಷ್ಟೆ.

ನಮ್ಮ ನಿಜವಾದ ದೂರು ಇಲ್ಲಿದೆ. ಲ್ಯಾಬಿನ ಚೀಟಿ ಇಂಗ್ಲಿಷಿನಲ್ಲಿ. ಗೋಡೆಯ ಪೋಸ್ಟರು, ಹಂಚುವ ಕರಪತ್ರ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಅದೂ ಇಲ್ಲ, ಇದೂ ಇಲ್ಲ. ಅವರಿಗೆ ತಿಳಿಯುವುದು "ಸಕ್ಕರೆ ತಿನ್ನಬೇಡಿ" ಎಂಬ ಎರಡು ಶಬ್ದ. ಕೇರಳದ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು 1969ರ ಭಾಷಾ ಕಾನೂನಿನಲ್ಲೇ ಇದೆ. ಅರ್ಜಿ, ನೋಟೀಸು, ಬೋರ್ಡುಗಳಿಗಾಗಿ ನಾವು ಹೋರಾಡಿದ್ದೇವೆ, ಇನ್ನೂ ಹೋರಾಡುತ್ತಿದ್ದೇವೆ. ಔಷಧಿಯ ಚೀಟಿಯ ಜತೆ ಒಂದು ಪುಟದ ಕನ್ನಡ ವಿವರಣೆ ಕೊಡಿ ಎಂದು ಕೇಳುವುದು ಮಾತ್ರ ನಮಗೆ ಹೊಳೆಯುವುದಿಲ್ಲ. ಬಸ್ಸಿನ ಬೋರ್ಡು ಓದಲಾಗದಿದ್ದರೆ ಕೇಳಿ ತಿಳಿಯಬಹುದು. ಮಾತ್ರೆ ಯಾಕೆ ಎಂದು ತಿಳಿಯದವರು ಅದನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ.

ಆ ಪುಟವನ್ನು ಬೇರೆಯವರು ಬರೆಯಲಿ ಎಂದು ಕಾಯಬೇಕಾಗಿಲ್ಲ. ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಸಣ್ಣ ಕರುಳಿನ ಪಾಠ ಇದೆ, ಜೀವನಶೈಲಿ ರೋಗಗಳ ಪಾಠವೂ ಇದೆ. ಎರಡನ್ನೂ ಜೋಡಿಸಿ, ಮನೆಯ ಹಿರಿಯರ ಹಳೆಯ ಲ್ಯಾಬ್ ಚೀಟಿಯನ್ನು ಹೆಸರು ಮುಚ್ಚಿ ತರಗತಿಗೆ ತಂದು, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಲ್‌ಡಿಎಲ್ ಎಂಬ ಸಾಲುಗಳನ್ನು ಕನ್ನಡದಲ್ಲಿ ಓದಿಸಲು ಒಂದು ಪೀರಿಯಡು ಸಾಕು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಗೆ ಆ ಚೀಟಿ ಓದಿ ಹೇಳಬಲ್ಲಳಾದರೆ, ಕನ್ನಡ ಮಾಧ್ಯಮದಲ್ಲಿ ಕಲಿತು ಏನು ಪ್ರಯೋಜನ ಎಂದು ಆ ಮನೆಯಲ್ಲಿ ಯಾರೂ ಕೇಳಲಾರರು.

ರಕ್ಷಕ ಶಿಕ್ಷಕ ಸಂಘದವರಲ್ಲಿಯೂ ಒಂದು ವಿನಂತಿ. ವಾರ್ಷಿಕೋತ್ಸವ, ನಿವೃತ್ತರ ಬೀಳ್ಕೊಡುಗೆ, ಹಳೆ ವಿದ್ಯಾರ್ಥಿಗಳ ಸಭೆ ಎಂದರೆ ಪರೋಟ, ಕರಿದ ಕೋಳಿ, ಎರಡು ಬಗೆ ಪಾಯಸ ಆಗಬೇಕು ಎಂಬ ಶಾಸ್ತ್ರವನ್ನು ಯಾರು ಬರೆದದ್ದೋ ನಮಗೆ ತಿಳಿಯದು. ಕುಚ್ಚಿಲಕ್ಕಿ ಗಂಜಿ, ಹೆಸರುಕಾಳಿನ ಗಸಿ, ಬಸಳೆ, ಒಂದೇ ಬಗೆ ಪಾಯಸ ಸಣ್ಣ ಲೋಟದಲ್ಲಿ ಎಂದು ಒಂದು ಸಲ ಮಾಡಿ ನೋಡಿ. ಬಂದವರಲ್ಲಿ ನಾಲ್ವರಿಗೊಬ್ಬರು ಮಧುಮೇಹಿಗಳು ಎಂಬ ಲೆಕ್ಕ ಮೇಲೆ ಕೊಟ್ಟಿದ್ದೇವೆ. ಕರಿದದ್ದು ಬೇಕೇ ಬೇಕು ಎಂದು ಹಟ ಹಿಡಿಯುವವರಿಗಾಗಿ ಹಪ್ಪಳ ಒಂದಿರಲಿ. ಹಲಸಿನ ಹಪ್ಪಳವನ್ನು ಪೂರ್ತಿ ಬಿಡಿ ಎನ್ನುವಷ್ಟು ಧೈರ್ಯ ನಮಗೂ ಇಲ್ಲ.